ಮಕ್ಕಳ ಜೊತೆ ಬೆಟ್ಟದ ಮೇಲಿನ ಕೆರೆಗೆ: ಮೊದಲು ಅಡಿಯೋ ಮೀಟರೋ ನೋಡ್ಕೊಳ್ಳಿ

ಪುಣೆ ಹತ್ತಿರದ ಸಿಂಹಗಡ ಕೋಟೆ ಎಷ್ಟು ಎತ್ತರ? ಸುಮಾರು 4,300 ಅಡಿ. ಹಿಮಾಚಲದ ಚಂದ್ರತಾಲ್ ಕೆರೆ? ಸುಮಾರು 4,300 ಮೀಟರ್. ಎರಡು ವರ್ಷದ ಹಿಂದೆ ಈ ಎರಡೂ ಅಂಕಿಗಳನ್ನು ಮೊಬೈಲಿನಲ್ಲಿ ನೋಡಿ, ಪಕ್ಕದಲ್ಲಿದ್ದ ಅಡಿ-ಮೀಟರ್ ಓದದೆ, "ನಮ್ಮ ಸಿಂಹಗಡದಷ್ಟೇ ಅಂತೆ, ಮಕ್ಕಳು ಓಡ್ಕೊಂಡು ಹೋಗ್ತಾವೆ" ಅಂತ ಮನೆಯಲ್ಲಿ ಸಾರಿಬಿಟ್ಟೆ. ನಮ್ಮ ಮನೆಯವರು ಇಂಜಿನಿಯರ್. ಅವರೂ ತಲೆಯಾಡಿಸಿದರು.

ಪುಣೆಯಲ್ಲಿ ಮಕ್ಕಳ ಶಾಲೆಗೆ ಗಣಪತಿ ಹಬ್ಬಕ್ಕೆ ಸಿಕ್ಕಿದ್ದು ನಾಲ್ಕೈದು ದಿನದ ರಜೆ. ಅದರಲ್ಲೇ ಮುಗಿಸಬೇಕು ಅಂತ ವಿಮಾನ, ರಾತ್ರಿ ಬಸ್ಸು, ಟ್ಯಾಕ್ಸಿ ಎಲ್ಲ ಒಂದಕ್ಕೊಂದು ಅಂಟಿಸಿದ್ದೆವು. ಮನಾಲಿಯಲ್ಲಿ ಬೆಳಿಗ್ಗೆ ಚಹಾ ಕುಡಿದು, ಅಟಲ್ ಸುರಂಗ ದಾಟಿ, ಸಂಜೆಗೆ ಚಂದ್ರತಾಲ್ ಹತ್ತಿರದ ಟೆಂಟಿನಲ್ಲಿದ್ದೆವು. ಮನಾಲಿ ಇರೋದು ಸುಮಾರು 2,050 ಮೀಟರ್ ಎತ್ತರದಲ್ಲಿ. ಅಂದರೆ ಒಂದೇ ದಿನದಲ್ಲಿ ಎರಡು ಸಾವಿರ ಮೀಟರಿಗಿಂತ ಜಾಸ್ತಿ ಮೇಲೆ ಹೋಗಿ, ಅಲ್ಲೇ ಹಾಸಿಗೆ ಹಾಸಿದೆವು. ಆರು ವರ್ಷದ ಮಗ ಊಟ ಬೇಡ ಅಂದ. ಅದೇನು ಹೊಸದಲ್ಲ. ಬಿಸ್ಕತ್ತೂ ಬೇಡ ಅಂದಾಗ ಎದೆ ಧಸಕ್ ಅಂತು. ರಾತ್ರಿ ಹನ್ನೊಂದಕ್ಕೆ "ಅಮ್ಮಾ, ತಲಿ ಭಾಳ ನೋಯಾಕತ್ತೈತಿ" ಅಂತ ಎದ್ದು ಕೂತ, ಎರಡು ಸಲ ವಾಂತಿ ಮಾಡಿಕೊಂಡ. ಆ ರಸ್ತೆಯಲ್ಲಿ ಕತ್ತಲಲ್ಲಿ ಗಾಡಿ ಇಳಿಸೋ ಹಾಗಿಲ್ಲ. ಬೆಳಕು ಹರಿಯೋದನ್ನು ಕಾಯುತ್ತಾ ಕೂತ ಆ ರಾತ್ರಿಯನ್ನು ನಾನು ಮರೆಯಲ್ಲ. ನಸುಕಿನಲ್ಲೇ ಇಳಿದೆವು, ಕೆಳಗೆ ಕೋಕ್ಸರ್ ಹಳ್ಳಿ ಬರೋ ಹೊತ್ತಿಗೆ ಅವನೇ ಬಾಯಿಬಿಟ್ಟು ಮ್ಯಾಗಿ ಕೇಳಿದ. ಟೆಂಟಿನಿಂದ ಒಂದೆರಡು ಕಿಲೋಮೀಟರ್ ದೂರವಿದ್ದ ಕೆರೆಯನ್ನು ಮಾತ್ರ ನಾವು ನೋಡಲೇ ಇಲ್ಲ.

ಈ ವರ್ಷ ಮೇ ತಿಂಗಳಲ್ಲಿ ಮತ್ತೆ ಹೋದೆವು. ಈ ಸಲ ಹಿಮಾಚಲದ್ದೇ ಪರಾಶರ ಅನ್ನೋ ಬೇರೆ ಕೆರೆ, ಬೇರೆ ಲೆಕ್ಕ. ಸರಿಯಾಗಿ ಆಯಿತು. ಹಾಗಾಗಿ ಪುಣೆ, ಮುಂಬೈ, ಗೋವಾ ಕಡೆ ಇರೋ ನಮ್ಮವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು: ಕೆರೆ ಆರಿಸುವಾಗ ಫೋಟೋ ನೋಡಬೇಡಿ, ಮಲಗುವ ಎತ್ತರ ನೋಡಿ

ಮಗು ಎಷ್ಟು ದೂರ ನಡೆಯುತ್ತೆ ಅನ್ನೋದು ಎರಡನೇ ಪ್ರಶ್ನೆ. ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೆ ಅನ್ನೋದು ಮೊದಲನೇದು. ಸುಮಾರು 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು, ಗಟ್ಟಿಮುಟ್ಟಾದವರಿಗೂ. 4,300 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಸುಮಾರು 60 ಶೇಕಡ ಮಾತ್ರ. ಅಳತೆಗೆ ಬೇಕಾದರೆ ನೆನಪಿಟ್ಟುಕೊಳ್ಳಿ, ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಮಹಾರಾಷ್ಟ್ರದ ಕಳಸೂಬಾಯಿ 1,646. ಅಂದರೆ ನಾವು ಇಲ್ಲಿ ಎಷ್ಟು ಬೆಟ್ಟ ಹತ್ತಿದ್ದರೂ ನಮ್ಮ ಮೈಗೆ ತೆಳು ಗಾಳಿಯ ಪರಿಚಯವೇ ಇಲ್ಲ.

ಮೊದಲ ಸಲ ಹೋಗುವವರಿಗೆ ಎರಡು ಕೆರೆ ಹೇಳುತ್ತೇನೆ.

ಪರಾಶರ ಕೆರೆ, ಹಿಮಾಚಲದ ಮಂಡಿ ಜಿಲ್ಲೆಯಲ್ಲಿದೆ, ಸುಮಾರು 2,730 ಮೀಟರ್. ದುಂಡನೆಯ ಪುಟ್ಟ ಕೆರೆ, ದಂಡೆಯಲ್ಲಿ ಮರದಿಂದ ಕಟ್ಟಿದ ಮೂರು ಅಂತಸ್ತಿನ ಮಾಡಿನ ಪರಾಶರ ಋಷಿಯ ಗುಡಿ, ನೀರಿನ ಮೇಲೆ ತೇಲುವ ಹುಲ್ಲಿನ ನಡುಗಡ್ಡೆ. ಬಗ್ಗಿ ಅನ್ನೋ ಹಳ್ಳಿಯಿಂದ ಕಾಡಿನ ದಾರಿಯಲ್ಲಿ 7-8 ಕಿಲೋಮೀಟರ್ ನಡಿಗೆ. ದೊಡ್ಡ ಅನುಕೂಲ ಏನಂದರೆ ಕೆರೆಯ ಹತ್ತಿರದವರೆಗೂ ರಸ್ತೆ ಇದೆ. ಯಾರಿಗಾದರೂ ಹುಷಾರಿಲ್ಲ ಅಂದರೆ ಗಾಡಿ ಕರೆಸಬಹುದು. ರಸ್ತೆ ಇರೋ ಜಾಗಕ್ಕೆ ನಡೆದು ಹೋಗೋದು ಟ್ರೆಕ್ಕೇ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಅವರು ಮಕ್ಕಳನ್ನು ಕರೆದುಕೊಂಡು ಹೋಗಿರಲ್ಲ ಬಿಡಿ.

ಇನ್ನೊಂದು ದೇವರಿಯಾತಾಲ್, ಉತ್ತರಾಖಂಡದ ಊಖೀಮಠದ ಹತ್ತಿರ, ಸುಮಾರು 2,400 ಮೀಟರ್. ಸಾರಿ ಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿನ ಹತ್ತುದಾರಿ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೋದರೆ 7,138 ಮೀಟರಿನ ಚೌಖಂಬಾ ಶಿಖರ ನೀರಿನೊಳಗೆ ತಲೆಕೆಳಗಾಗಿ ಕಾಣುತ್ತೆ. ಯಕ್ಷ ಪಾಂಡವರಿಗೆ ಪ್ರಶ್ನೆ ಕೇಳಿದ್ದು ಈ ಕೆರೆಯ ದಂಡೆಯಲ್ಲೇ ಅಂತ ಅಲ್ಲಿಯವರ ನಂಬಿಕೆ. ಐದು ವರ್ಷದ ಮಗುವಿದ್ದರೆ ನಾನು ಇದನ್ನೇ ಆರಿಸುತ್ತಿದ್ದೆ. ಕಥೆ ಹೇಳುತ್ತಾ ಹತ್ತಿಸಬಹುದು, ಅಲ್ವಾ?

ಚಂದ್ರತಾಲ್, ಮನಾಲಿ ಪಕ್ಕದ ಭೃಗು ಕೆರೆ, ಇವೆರಡೂ 4,200 ಮೀಟರಿಗಿಂತ ಮೇಲೆ. ಸೋನಮಾರ್ಗದಿಂದ ನಾರಾನಾಗ್‌ವರೆಗೆ ವಿಷನ್ಸರ್, ಕೃಷನ್ಸರ್, ಗಂಗಾಬಲ್ ಎಲ್ಲ ನೋಡಿಕೊಂಡು ಹೋಗುವ ಕಾಶ್ಮೀರದ ದಾರಿ ಒಂದು ವಾರದ್ದು, ನಡುವೆ ಒಂದು ಕಣಿವೆದಾರಿ 4,000 ಮೀಟರ್ ಮೀರುತ್ತೆ. ಚೆನ್ನಾಗಿವೆ, ಸುಳ್ಳಲ್ಲ. ಮಕ್ಕಳು ಹನ್ನೆರಡು-ಹದಿಮೂರು ದಾಟಿ, ಎರಡು ಮೂರು ಸಲ ಕೆಳಗಿನ ಕೆರೆಗಳಿಗೆ ಹೋಗಿ ಬಂದ ಮೇಲೆ ನೋಡೋಣ.

ಹುಬ್ಬಳ್ಳಿಯಲ್ಲಿರೋ ನಮ್ಮ ಅವ್ವನಿಗೆ ಫೋನಿನಲ್ಲಿ ಹೇಳಿದಾಗ, "ಅಲ್ಲ ಯವ್ವಾ, ನೀರು ನೋಡಾಕ ಅಷ್ಟು ದೂರ ಯಾಕ, ಉಣಕಲ್ ಕೆರಿ ಇಲ್ಲೇನು?" ಅಂದಳು. ನ್ಯಾಯವಾದ ಪ್ರಶ್ನೆಯೇ. ನಮ್ಮ ಕಡೆ ನೀರು ನಿಂತಿದೆ ಅಂದರೆ ಯಾರೋ ಕಟ್ಟೆ ಕಟ್ಟಿದ್ದಾರೆ ಅಂತ ಅರ್ಥ. ಮಹಾರಾಷ್ಟ್ರದ ಭಂಡಾರದರಾದ ನೀರು 1926ರಲ್ಲಿ ಮುಗಿದ ವಿಲ್ಸನ್ ಅಣೆಕಟ್ಟಿನದು, ಪವನಾ, ಮುಳಶಿ ಕೂಡ ಹಾಗೇ. ಹಿಮಾಲಯದ ಎತ್ತರದಲ್ಲಿ ಕಟ್ಟೆ ಕಟ್ಟುವುದು ಹಿಮನದಿ. ಐಸ್‌ಕ್ರೀಮ್ ಡಬ್ಬಿಯಲ್ಲಿ ಚಮಚ ಎಳೆದ ಹಾಗೆ ಬೆಟ್ಟವನ್ನು ಕೊರೆದು, ಕೆರೆದ ಕಲ್ಲುಮಣ್ಣನ್ನು ಮುಂದೆ ದಿಬ್ಬವಾಗಿ ಬಿಟ್ಟು, ತಾನು ಕರಗಿ ಹಿಂದೆ ಸರಿಯುತ್ತೆ. ಆ ಗುಂಡಿಯಲ್ಲಿ ನೀರು ನಿಲ್ಲುತ್ತೆ. ಆದರೆ ಅದು ಸಡಿಲ ಕಟ್ಟೆ. 2013ರ ಜೂನ್‌ನಲ್ಲಿ ಜೋರು ಮಳೆಗೆ ಕೇದಾರನಾಥದ ಮೇಲಿನ ಚೋರಾಬಾರಿ ಕೆರೆಯ ದಿಬ್ಬ ಒಡೆದಾಗ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದಿನದ್ದು ಕಾಲದ ಪ್ರಶ್ನೆ.

ಎರಡು: ಯಾವಾಗ

ಮೇ ತಿಂಗಳು, ಜೂನ್ ಮೊದಲ ವಾರಗಳು. ಇಲ್ಲದಿದ್ದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜುಲೈ, ಆಗಸ್ಟ್ ಬೇಡವೇ ಬೇಡ. 2023ರ ಮಳೆಗಾಲದಲ್ಲಿ ಮಂಡಿ, ಕುಲ್ಲು ಕಡೆ ಬಿಯಾಸ್ ನದಿ ರಸ್ತೆಗಳನ್ನೇ ಕೊಚ್ಚಿಕೊಂಡು ಹೋಗಿತ್ತು. ನಮ್ಮೂರಲ್ಲಾಗಿದ್ದರೆ ದಸರಾ ರಜೆ ಸರಿಯಾಗಿ ಹೊಂದುತ್ತಿತ್ತು, ಇಲ್ಲಿ ಮಹಾರಾಷ್ಟ್ರದಲ್ಲಿ ದೊಡ್ಡ ರಜೆ ದೀಪಾವಳಿಗೆ. ಆ ಹೊತ್ತಿಗೆ ಅಲ್ಲಿ ರಾತ್ರಿ ಚಳಿ ಹಲ್ಲು ಕಟಕಟ ಅನ್ನಿಸುತ್ತೆ. ಹಾಗಾಗಿ ಬೇಸಿಗೆ ರಜೆಯೇ ಸರಿ.

ಕನಿಷ್ಠ ಎಂಟು ದಿನ ತೆಗೆದಿಡಿ. ನಮ್ಮ ಮೊದಲ ತಪ್ಪು ಅಡಿ-ಮೀಟರಿನದಾದರೆ ಎರಡನೇದು ಇದೇ. ಪರಾಶರಕ್ಕಾದರೆ ಪುಣೆಯವರು ಝೇಲಂ ಎಕ್ಸ್‌ಪ್ರೆಸ್‌ನಲ್ಲಿ ಅಂಬಾಲಾ ಸೇರಬಹುದು. ಗೋವಾದವರಿಗೆ ಮಡಗಾಂವ್‌ನಿಂದ ಚಂಡೀಗಢಕ್ಕೇ ಸಂಪರ್ಕ ಕ್ರಾಂತಿ ರೈಲಿದೆ, ಮುಂಬೈಯವರಿಗೆ ಪಶ್ಚಿಮ್ ಎಕ್ಸ್‌ಪ್ರೆಸ್. ಅಲ್ಲಿಂದ ಮನಾಲಿ ಹೆದ್ದಾರಿಯಲ್ಲಿ ಬಸ್ಸು ಹಿಡಿದರೆ ಮಂಡಿ. ರೈಲಿನಲ್ಲಿ ಸಮಯ ಜಾಸ್ತಿ ಹೋಗುತ್ತೆ ಅನ್ನಬೇಡಿ. ಇಸ್ಪೀಟು, ಚುರುಮುರಿ, ನಿದ್ದೆ, ಮಕ್ಕಳಿಗೆ ಅದೇ ಅರ್ಧ ಪ್ರವಾಸ.

ಮೂರು: ಎರಡು ತಿಂಗಳ ಮುಂಚೆ ಪಾರ್ವತಿ ಮೆಟ್ಟಿಲು

ಜಿಮ್ ಬೇಡ. ಪುಣೆಯಲ್ಲಿದ್ದರೆ ಪಾರ್ವತಿ ಗುಡ್ಡದ ನೂರಾಮೂರು ಮೆಟ್ಟಿಲು ಸಾಕು. ಮೊದಲ ವಾರ ಒಂದು ಸಲ ಹತ್ತಿ ಇಳಿಯಿರಿ, ಆಮೇಲೆ ಎರಡು, ಮೂರು. ನಂತರ ಭಾನುವಾರ ವೇತಾಳ ಟೇಕಡಿ ಅನ್ನೋ ಗುಡ್ಡ. ಕೊನೆಗೆ ಸಿಂಹಗಡ, ಗಾಡಿಯಲ್ಲಲ್ಲ, ಆತಕರವಾಡಿಯಿಂದ ನಡೆದು. ಬೆಳಿಗ್ಗೆ ಸ್ವಾರಗೇಟ್‌ನಿಂದ ಬುಡದವರೆಗೆ ಸಿಟಿ ಬಸ್ಸಿದೆ. ಮೇಲೆ ಪಿಠಲಾ ಭಾಕರಿ, ಮಡಿಕೆ ಮೊಸರು ಇದೆ ಅಂದರೆ ನಮ್ಮ ಮನೆಯಲ್ಲಿ ಯಾರನ್ನೂ ಎಬ್ಬಿಸಬೇಕಾಗಿಲ್ಲ.

ಅಲ್ಲಿ ಒಂದು ಲೆಕ್ಕ ಬರೆದಿಟ್ಟುಕೊಳ್ಳಿ. ಬೆಟ್ಟ ಹತ್ತುವವರ ಹಳೇ ಸೂತ್ರ ಇದೆ: ಗಂಟೆಗೆ 5 ಕಿಲೋಮೀಟರ್ ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 1892ರಲ್ಲಿ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನವರು ಹೇಳಿದ್ದು. ಮಕ್ಕಳಿದ್ದರೆ ಬಂದ ಉತ್ತರವನ್ನು ಎರಡರಿಂದ ಗುಣಿಸಿ. ಬಗ್ಗಿಯಿಂದ ಪರಾಶರಕ್ಕೆ ಏಳೆಂಟು ಕಿಲೋಮೀಟರ್, ಏರು ಏಳೆಂಟುನೂರು ಮೀಟರ್. ಸೂತ್ರದ ಪ್ರಕಾರ ಸುಮಾರು ಎರಡೂ ಮುಕ್ಕಾಲು ಗಂಟೆ, ನಮ್ಮ ಲೆಕ್ಕದಲ್ಲಿ ಐದೂವರೆ-ಆರು. ನಮಗೆ ಆರೂ ಕಾಲು ಆಯಿತು, ಅದರಲ್ಲಿ ಅರ್ಧ ಗಂಟೆ ಒಂದು ಹೇಸರಗತ್ತೆಗೆ ಹುಲ್ಲು ತಿನ್ನಿಸೋದಕ್ಕೆ.

ಮಕ್ಕಳ ಡಾಕ್ಟರನ್ನು ಕೇಳೋದು ಈ ಹೊತ್ತಿನಲ್ಲೇ, ಹೊರಡುವ ಹಿಂದಿನ ದಿನ ಅಲ್ಲ. ಉಬ್ಬಸ, ಹೃದಯದ ತೊಂದರೆ ಇದ್ದರೆ ಕೇಳದೆ ಟಿಕೆಟ್ ತೆಗೆಸಲೇಬೇಡಿ. ಎತ್ತರದ ಕಾಯಿಲೆಗೆ ಡಯಾಮಾಕ್ಸ್ ಅನ್ನೋ ಮಾತ್ರೆ ಇದೆ. ಅದನ್ನು ಪಕ್ಕದ ಮನೆಯವರು ಹೇಳಿದರು ಅಂತ ಮಗುವಿಗೆ ಕೊಡಬೇಡಿ.

ನಾಲ್ಕು: ಚೀಲ

ಶೂ ಹೊಸದು ತಂದರೆ ಒಂದು ತಿಂಗಳು ಮೊದಲೇ ತನ್ನಿ. ಪಾರ್ವತಿ, ಸಿಂಹಗಡ ಎಲ್ಲ ಅದರಲ್ಲೇ ಆಗಲಿ. ಹೆಬ್ಬೆರಳ ಮುಂದೆ ಒಂದು ಬೆರಳಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತೆ. ಮಗಳಿಗೆ ಹಾಗಾಗಿ ಎರಡು ತಿಂಗಳು ಒಂದು ಉಗುರಿಗೆ ಮಾತ್ರ ನೇಲ್ ಪಾಲಿಶ್ ಹಚ್ಚಿಕೊಂಡು ಓಡಾಡಿದಳು.

ಬಟ್ಟೆ ವಿಚಾರ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತೆ. ಮಂಡಿ ಎಂಟುನೂರು ಮೀಟರಿನ ಆಸುಪಾಸಿನಲ್ಲಿದೆ. ಅಲ್ಲಿ ಮೂವತ್ತು ಡಿಗ್ರಿ ಬೆವರು ಸುರಿಸಿಕೊಂಡು ಹೊರಟರೆ ಪರಾಶರದಲ್ಲಿ ಹದಿನೇಳು-ಹದಿನೆಂಟು, ರಾತ್ರಿ ಇನ್ನೂ ಕೆಳಗೆ. ಒಂದೇ ದಪ್ಪ ಸ್ವೆಟರ್ ಬದಲು ತೆಳ್ಳಗಿನ ಎರಡು ಮೂರು ಪದರ ಒಳ್ಳೇದು. ನಡೆಯುವಾಗ ಕಾಟನ್ ಬನಿಯನ್ ಬೇಡ, ಬೆವರಿಗೆ ಒದ್ದೆಯಾದರೆ ಒಣಗೋದೇ ಇಲ್ಲ, ನಿಂತ ತಕ್ಷಣ ಮೈ ತಣ್ಣಗಾಗುತ್ತೆ. ಮಳೆ ಅಂಗಿ ಮಾತ್ರ ಹೊಸದು ಕೊಳ್ಳಬೇಡಿ. ಪುಣೆ-ಮುಂಬೈ ಮಳೆ ತಡೆದ ರೇನ್‌ಕೋಟ್ ಎಲ್ಲವನ್ನೂ ತಡೆಯುತ್ತೆ.

ಟೋಪಿ, ತಂಪು ಕನ್ನಡಕ, ಮುಖಕ್ಕೆ ಸನ್‌ಸ್ಕ್ರೀನ್. ಚಳಿ ಇದೆ ಅಂತ ಬಿಸಿಲಿನ ನೆನಪೇ ಆಗಲ್ಲ, ಆದರೆ ಮೇಲೆ ಹೋದಷ್ಟೂ ಬಿಸಿಲು ಸುಡೋದು ಜಾಸ್ತಿ. ಪ್ರತಿ ಮಗುವಿನ ಕೊರಳಿಗೆ ಒಂದು ಪೀಪಿ ಕಟ್ಟಿ. ದಾರಿ ತಪ್ಪಿದರೆ ನಿಂತಲ್ಲೇ ನಿಲ್ಲಬೇಕು, ಮೂರು ಸಲ ಊದಬೇಕು. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಸೊಸೈಟಿಯವರು ಬೈಯ್ಯುತ್ತಾರೆ, ಬೈಯ್ಯಲಿ.

ಐದು: ಬುತ್ತಿ

ಇದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಎತ್ತರದಲ್ಲಿ ನೀರು ಬೇಗ ಕುದಿಯುತ್ತೆ, 2,700 ಮೀಟರ್ ಹತ್ತಿರ ಸುಮಾರು 91 ಡಿಗ್ರಿಗೇ. ಹಾಗಾಗಿ ಕುಕ್ಕರ್ ಇಲ್ಲದೆ ಅನ್ನ, ಬೇಳೆ ಸರಿಯಾಗಿ ಬೇಯಲ್ಲ. ಅಲ್ಲಿ ರಾಜ್ಮಾ ಸಿಕ್ಕೇ ಸಿಗುತ್ತೆ, ಅದು ಗಟ್ಟಿ ಅನ್ನಿಸಿದರೆ ಮಕ್ಕಳು ಮುಟ್ಟಲ್ಲ. ನಾನು ಕಟ್ಟಿದ್ದು ಇಷ್ಟು: ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹಚ್ಚಿದ ಅವಲಕ್ಕಿ, ಅಂಟಿನ ಉಂಡಿ, ಲೋನಾವಳಾ ಚಿಕ್ಕಿ. ಕಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿಡಿ. ನಾನು ಚೀಲದಲ್ಲಿಟ್ಟು, ಅಂಬಾಲಾ ಬರೋ ಹೊತ್ತಿಗೆ ಅದು ಪುಡಿಪುಡಿ. ಸುಮ್ನೆ ಎಸೆಯೋದು ಬೇಡ ಅಂತ ಮೇಲೆ ಮೊಸರು ಹಾಕಿ ಕಲಸಿಕೊಟ್ಟೆ, ಅದೇ ಎಲ್ಲರಿಗೂ ಹಿಡಿಸಿತು.

ಮುಕ್ಕಾಲು ಗಂಟೆಗೊಮ್ಮೆ ಎರಡು ತುತ್ತು, ನಾಲ್ಕು ಗುಟುಕು. ಹಸಿವಾದ ಮೇಲೆ ಕೊಡೋಣ ಅಂದರೆ ತಡವಾಗಿರುತ್ತೆ. ಆ ಹೊತ್ತಿಗೆ ಅಳು ಶುರುವಾಗಿರುತ್ತೆ.

ಆರು: ನಡೆಯೋ ದಿನ

ಮಂಡಿಯಲ್ಲಿ ಒಂದು ರಾತ್ರಿ, ಬಗ್ಗಿ ಕಡೆಯ ಯಾವುದಾದರೂ ಹಳ್ಳಿಮನೆಯಲ್ಲಿ ಒಂದು ರಾತ್ರಿ. ಇದು ಸೋಮಾರಿತನ ಅಲ್ಲ, ಮೈಗೆ ಕೊಡುವ ವಾಯಿದೆ. 3,000 ಮೀಟರ್ ದಾಟುವವರಿಗೆ ಕಟ್ಟುನಿಟ್ಟಿನ ನಿಯಮವೇ ಇದೆ: ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ. ಮಾಡಿದ್ದ ಪಾಪ ನೆನಪಿಗೆ ಬರುತ್ತೆ ನನಗೆ.

ಬೆಳಿಗ್ಗೆ ಆರೂವರೆಗೆ ಹೊರಡಿ. ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತೆ. ಮುಂದೆ ಚಿಕ್ಕ ಮಗು, ಹಿಂದೆ ಒಬ್ಬರು ದೊಡ್ಡವರು. ನಾವು ಮೊದಲು ಉಲ್ಟಾ ಮಾಡಿದ್ದೆವು, ನಮ್ಮ ಮನೆಯವರು ಮುಂದೆ ಹೋಗಿ ಬಂಡೆ ಮೇಲೆ ಕೂತು ಕಾಯೋದು, ಮಗ ಏದುಸಿರು ಬಿಡುತ್ತಾ ಬಂದ ಕೂಡಲೇ ಇವರು ಎದ್ದು ಹೊರಡೋದು. ಪಾಪ, ಅವನಿಗೆ ಕೂರೋದಕ್ಕೇ ಸಿಗುತ್ತಿರಲಿಲ್ಲ. ಅವನನ್ನೇ ಮುಂದೆ ಬಿಟ್ಟು "ನೀನೇ ಲೀಡರ್" ಅಂದ ಮೇಲೆ ಗಲಾಟೆ ನಿಂತಿತು. ಮಾತಾಡುತ್ತಾ ನಡೆಯೋಕೆ ಆಗುತ್ತಿದ್ದರೆ ವೇಗ ಸರಿ ಇದೆ. ಮಾತು ನಿಂತರೆ ನೀವೂ ನಿಲ್ಲಿ.

ಇನ್ನೊಂದು, ವಾಪಸ್ ತಿರುಗುವ ಸಮಯವನ್ನು ಹೊರಡುವ ಮುಂಚೆಯೇ ಗೊತ್ತು ಮಾಡಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಕೆರೆ ಸಿಗದಿದ್ದರೆ ಎಲ್ಲಿದ್ದೇವೋ ಅಲ್ಲಿಂದ ತಿರುಗೋದು ಅಂತ ನಾವು ನಿಶ್ಚಯಿಸಿದ್ದೆವು. ಹನ್ನೆರಡೂ ಮುಕ್ಕಾಲಿಗೆ ಗುಡಿಯ ಮಾಡು ಕಾಣಿಸಿತು.

ಏಳು: ಮಗುವಿನ ಮುಖ ನೋಡಿ

ತಲೆನೋವು, ಹೊಟ್ಟೆ ತೊಳೆಸುವುದು, ಸುಸ್ತು, ತಲೆ ಸುತ್ತು ಇವೆಲ್ಲ ದೊಡ್ಡವರು ಹೇಳಿಕೊಳ್ಳುತ್ತಾರೆ. ಸಣ್ಣವರಿಗೆ ಹೇಳೋಕೆ ಬರಲ್ಲ. ಸುಮ್ಮಸುಮ್ಮನೆ ಕಿರಿಕಿರಿ, ಆಟ ಬೇಡ, ಇಷ್ಟದ ತಿಂಡಿಯೂ ಬೇಡ, ನಿದ್ದೆ ಇಲ್ಲ, ಇವೇ ಗುರುತು. ಬೇರೆ ಕಾರಣ ಇರಬಹುದು, ಆದರೆ ಎತ್ತರದಲ್ಲಿ ಇದ್ದಾಗ ಮೊದಲು ಎತ್ತರವನ್ನೇ ಅನುಮಾನಿಸಿ. ಇನ್ನೂ ಮೇಲೆ ಹೋಗಬೇಡಿ. ಕಡಿಮೆ ಆಗದಿದ್ದರೆ ಇಳಿಯಿರಿ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಮಂಕು, ನೆಲದ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆಸಿದರೆ ತೂರಾಡುವುದು, ಇವು ಕಂಡರೆ ಯೋಚನೆ ಮಾಡುತ್ತಾ ಕೂರುವ ಹಾಗೇ ಇಲ್ಲ, ಆ ಕ್ಷಣ ಕೆಳಗೆ, ಆಮೇಲೆ ಆಸ್ಪತ್ರೆ. "ಎಲ್ಲರಿಗೂ ಹೀಗೇ ಆಗುತ್ತೆ, ಬೆಳಿಗ್ಗೆ ಸರಿಹೋಗುತ್ತೆ" ಅಂತ ನಮಗೆ ಆ ರಾತ್ರಿ ಒಬ್ಬರು ಹೇಳಿದ್ದರು. ಇಂಥ ಮಾತು ಕೇಳಿಕೊಂಡು ಕೂರಬೇಡಿ.

ಎಂಟು: ಕೆರೆ ದಂಡೆಯಲ್ಲಿ

ಪರಾಶರದಲ್ಲಿ ಸುತ್ತ ಬೇಲಿ ಇದೆ, ದೇವರ ಕೆರೆ, ಇಳಿಯುವ ಹಾಗಿಲ್ಲ. ಬೇರೆ ಕಡೆ ಬೇಲಿ ಇರಲ್ಲ, ನೀರು ತಿಳಿಯಾಗಿ ಮೊಣಕಾಲಷ್ಟೇ ಅನ್ನಿಸುತ್ತೆ. ನಂಬಬೇಡಿ. ಆ ತಣ್ಣೀರಿಗೆ ಬಿದ್ದರೆ ಮೊದಲ ಕ್ಷಣಕ್ಕೇ ಉಸಿರು ಎಳೆದುಕೊಳ್ಳುತ್ತೆ, ಈಜು ಬಂದರೂ ಕೈಕಾಲು ಕೇಳಲ್ಲ.

ಗುಡುಗು ಬಂದರೆ ಮಿಂಚು ಕಂಡ ಕೂಡಲೇ ಎಣಿಸಿ. ಮೂವತ್ತು ಎಣಿಸುವ ಒಳಗೆ ಗುಡುಗು ಕೇಳಿಸಿದರೆ ದಿಬ್ಬ, ಒಂಟಿ ಮರ, ನೀರಿನಂಚು ಎಲ್ಲ ಬಿಟ್ಟು ಕಟ್ಟಡದೊಳಗೆ ಅಥವಾ ಗಾಡಿಯೊಳಗೆ ಹೋಗಿ. ಟೆಂಟು ಲೆಕ್ಕಕ್ಕಿಲ್ಲ.

ಶೌಚಕ್ಕೆ ಜಾಗ ಇಲ್ಲದ ಕಡೆ, ನೀರಿನಿಂದ ದೊಡ್ಡವರ ಎಂಬತ್ತು ಹೆಜ್ಜೆ ದೂರ ಹೋಗಿ, ಒಂದು ಗೇಣು ಆಳಕ್ಕೆ ಗುಂಡಿ ತೋಡಿ, ಮುಚ್ಚಿ. ಒದ್ದೆ ಟಿಶ್ಯೂ ಮಾತ್ರ ಮುಚ್ಚಬೇಡಿ, ಅದು ಕೊಳೆಯಲ್ಲ, ಚೀಲದಲ್ಲಿ ವಾಪಸ್ ತನ್ನಿ. ದಂಡೆಯಲ್ಲಿ ಟೆಂಟು ಹಾಕೋದಕ್ಕೆ ಬಹಳ ಕಡೆ ನಿರ್ಬಂಧ ಇದೆ. ಚಂದ್ರತಾಲ್‌ನಲ್ಲೂ ಕೆರೆಯಿಂದ ದೂರವೇ ಇಳಿದುಕೊಳ್ಳಬೇಕು. ನಿಯಮ ಆಗಾಗ ಬದಲಾಗುತ್ತೆ, ಹಾಗಾಗಿ ಮಂಡಿಯಲ್ಲೋ ಊಖೀಮಠದಲ್ಲೋ ಅರಣ್ಯ ಇಲಾಖೆಯಲ್ಲಿ ಒಂದು ಮಾತು ಕೇಳಿ. ಪರಾಶರದಲ್ಲಿ ಅರಣ್ಯ ಇಲಾಖೆಯ ವಿಶ್ರಾಂತಿ ಗೃಹ ಇದೆ.

ಒಂಬತ್ತು: ಎರಡನೇ ರಾತ್ರಿ

ಸಾಧ್ಯವಾದರೆ ಕೆರೆಯ ಹತ್ತಿರ ಎರಡು ರಾತ್ರಿ ಇರಿ. ಹೆಚ್ಚಿನವರು ಹತ್ತಿ, ಫೋಟೋ ತೆಗೆದು, ಇಳಿದುಬಿಡುತ್ತಾರೆ. ಮೊದಲ ದಿನ ಮಕ್ಕಳು ಸುಸ್ತಾಗಿರುತ್ತಾರೆ, ಏನೂ ನೋಡಲ್ಲ. ಕೆರೆ ಸುತ್ತೋದು ಎರಡನೇ ದಿನಕ್ಕೆ. ಪರಾಶರ ಕೆರೆಯನ್ನು ಸುಮ್ಮನೆ ನಡೆದರೆ ಹತ್ತು ಹದಿನೈದು ನಿಮಿಷದಲ್ಲಿ ಸುತ್ತಬಹುದು. ನಮ್ಮ ಮಕ್ಕಳು ಆ ದಿನ ಏಳು ಸುತ್ತು ಹಾಕಿದರು.

ಕಾರಣ ಆ ನಡುಗಡ್ಡೆ. ಅದು ಕೆರೆಯಲ್ಲಿ ಜಾಗ ಬದಲಿಸುತ್ತೆ ಅಂತ ಗುಡಿಯ ಹತ್ತಿರ ಯಾರೋ ಅಜ್ಜ ಮಕ್ಕಳಿಗೆ ಹೇಳಿದ್ದರು. ಸಂಜೆ ಮಗಳು ಬೇಲಿಯ ಒಂದು ಕಂಬದ ಹತ್ತಿರ ಕಲ್ಲಿಟ್ಟು, ಅದರ ಮೇಲೆ ನಿಂತು, ನಡುಗಡ್ಡೆಯ ಎಡ ತುದಿ ಗುಡಿಯ ಯಾವ ಮೂಲೆಗೆ ಸರಿಯಾಗಿದೆ ಅಂತ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಳು. ಬೆಳಿಗ್ಗೆ ಆರಕ್ಕೆ ಇಬ್ಬರೂ ಕಂಬಳಿ ಹೊದ್ದುಕೊಂಡೇ ಓಡಿದರು. ಒಂದು ಗೇಣು ಸರಿದಿದೆ ಅಂತ ಮಗ, ಇಲ್ಲವೇ ಇಲ್ಲ ಅಂತ ಮಗಳು. ಅವಳು ಐದಡಿ ಹತ್ತಿರ, ಇವನು ಮೂರೂಮುಕ್ಕಾಲು. ಒಂದೇ ಕಲ್ಲಿನ ಮೇಲೆ ನಿಂತರೂ ಇಬ್ಬರಿಗೆ ಕಾಣೋದು ಬೇರೆ ಅಂತ ನಮ್ಮ ಮನೆಯವರು ವಿವರಿಸೋಕೆ ಹೋದರು, ಯಾರೂ ಕೇಳಲಿಲ್ಲ. ನೀವು ಹೋದರೆ ಚಿತ್ರ ಬರೆಯಬೇಡಿ. ಫೋನನ್ನು ಕಂಬಕ್ಕೆ ಒತ್ತಿ ಹಿಡಿದು, ಸಂಜೆ ಒಂದು, ಬೆಳಿಗ್ಗೆ ಒಂದು ಫೋಟೋ ತೆಗೆಯಿರಿ. ನಮ್ಮ ಮನೆಯಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ.